ಅವಧಿ ಮುಗಿಯುವ ದಿನಾಂಕ

ಮಂಗಳವಾರ ಬೀಗ ತೆಗೆಯಲು ಬಂದರೆ
ಗ್ರಂಥಾಲಯದ ಮೆಟ್ಟಿಲ ಮೇಲೆ ಆಗಲೇ ಕೂತಿದ್ದರು
ಯುಸೇಬಿಯೊ ಕೀವಿಸ್,
ತೊಡೆಯ ಮೇಲೆ ಬಿಸ್ಕತ್ತಿನ ತಗಡು ಡಬ್ಬಿ,
ಅದರೊಳಗೆ ಅವರ ಸಮಸ್ತ ಕಾಗದಪತ್ರ.

ಈ ಬಿಸ್ಬಿ ಊರಿನಲ್ಲಿ ಎಲ್ಲಿಗೆ ಹೋಗಲೂ ಮೆಟ್ಟಿಲೇ.
ನೂರಾ ಹದಿನಾಲ್ಕು ಇಳಿದು ಬಂದಿದ್ದರಂತೆ.
'ಎಣಿಸಿದ್ದು ನಾನಲ್ಲ, ಸೊಂಟ.'

ಗಾಂಜಾ ಕಾರ್ಡಿನ ಅವಧಿ ಶುಕ್ರವಾರಕ್ಕೆ ಮುಗಿಯುತ್ತದೆ.
ಅವರಿಗೆ ಕಣ್ಣು ಮಂಜು, ಕಂಪ್ಯೂಟರು ಒಗ್ಗದು;
ನಾನು ಓದಬೇಕು, ನಾನೇ ಒತ್ತಬೇಕು.
ವೈದ್ಯೆಯ ಸಹಿಯೇನೋ ಆಗಿದೆ,
ಮೂರು ನಿಮಿಷಕ್ಕೆ ನೂರು ಡಾಲರು.
'ನಾಡಿ ಹಿಡಿಯಲಿಲ್ಲ, ಮಗಳೇ.
ಫೋನಿನೊಳಗಿಂದ ಹೇಗೆ ಹಿಡಿದಾಳು, ಪಾಪ.'

ಫಾರ್ಮು ಕೇಳಿತು: ಕಾಯಿಲೆ ಇನ್ನೂ ಇದೆಯೆ?
ಆದಷ್ಟು ಮೆಲ್ಲಗೆ ಓದಿದೆ. ಆದರೂ
ಪಕ್ಕದ ಮೇಜಿನ ಹುಡುಗರು ಚದುರಂಗ ನಿಲ್ಲಿಸಿ ನೋಡಿದರು.

'ಇದೆ ಅಂತ ಹಾಕು.
ಎಪ್ಪತ್ಮೂರನೇ ಇಸವಿ, ಹನ್ನೊಂದನೇ ಹಂತದ ಸುರಂಗ.
ಗುಡ್ಡ ನನ್ನ ಬೆನ್ನ ಮೇಲೆ ಒಂದು ಗಳಿಗೆ ಕೂತಿತು.
ಎದ್ದು ಹೋಯಿತು ಅಂತ
ಕಂಪನಿಯವರು ಬರಕೊಂಡರು.'

ಅಷ್ಟಕ್ಕೆಲ್ಲ ಅಲ್ಲಿ ಜಾಗವಿರಲಿಲ್ಲ.
'ಹೌದು' ಎಂಬ ಚೌಕ ಒತ್ತಿದೆ.

ಆಮೇಲೆ ಫೋಟೋ. ಬಿಳಿ ಗೋಡೆ ಬೇಕು, ಟೋಪಿ ಕೂಡದು.
ನಮ್ಮಲ್ಲಿ ಬಿಳಿಯೆಂದರೆ ಶೌಚಾಲಯದ ಬಾಗಿಲೊಂದೇ,
ಅದಕ್ಕೆ ಬೆನ್ನು ಕೊಟ್ಟು ನಿಂತರು.
ಟೋಪಿ ತೆಗೆದರೆ ಹಣೆಗೆ ಅಡ್ಡಲಾಗಿ ಒಂದು ಗೆರೆ:
ಕೆಳಗೆ ಬಿಸಿಲುಂಡ ಮುಖ,
ಮೇಲೆ ಕೂಸಿನ ನೆತ್ತಿಯಷ್ಟು ಎಳಸು.
ಯಂತ್ರ ಎರಡು ಸಲ ಒಲ್ಲೆನೆಂದಿತು,
ನೆರಳು ಬಿದ್ದಿದೆ, ನೆರಳು ಬಿದ್ದಿದೆ.
'ಇರಲಿ ಬಿಡು, ಜೊತೆಗೇ ಬಂದದ್ದು.'

ದುಡ್ಡು ಕಟ್ಟುವ ಪುಟ ಸುತ್ತುತ್ತ ಸುತ್ತುತ್ತ ಇದ್ದಾಗ
ಸುಮ್ಮನಿರಲಾರದೆ ಕೇಳಿಬಿಟ್ಟೆ:
ಈಗ ಇಪ್ಪತ್ತೊಂದು ತುಂಬಿದ ಯಾರಿಗೂ ಕೊಡುತ್ತಾರಲ್ಲ,
ಗಾಜಿನ ಅಂಗಡಿ, ನಿಂಬೆಯ ಘಮದ್ದು, ಮಿಠಾಯಿಯಂಥದ್ದು,
ಮತ್ತೆ ಕಾರ್ಡು ಯಾಕೆ? ತೆರಿಗೆ ಉಳಿಯಲಿ ಅಂತಲೆ?

'ಅದೂ ಹೌದು' ಎಂದರು.
ಡಬ್ಬಿ ಮುಚ್ಚಿದರು, ಮತ್ತೆ ತೆರೆದರು.
'ಚಿಕ್ಕಪ್ಪನ ಮಗ ಒಬ್ಬನಿದ್ದ, ಲಿಬ್ರಾದೋ.
ಬಿಡುಗಡೆಯಾದವ ಅಂತ ಆ ಹೆಸರಿನ ಅರ್ಥ,
ನಗು ಬಂದರೆ ನಕ್ಕುಬಿಡು.
ಅವನ ಜೇಬಿನಲ್ಲಿ ಸಿಕ್ಕಿದ್ದು ಇದೇ ಸೊಪ್ಪು,
ಒಂದು ಸಿಗರೇಟು ಪ್ಯಾಕಿನಷ್ಟು.
ನನ್ನ ಬೆನ್ನಿಗೆ ಅಂತಲೇ ತರುತ್ತಿದ್ದ.
ಇದಕ್ಕೆ ಚೀಟಿ ಎಲ್ಲಯ್ಯ? ಅಂದನಂತೆ ಪೊಲೀಸಿನವ,
ತಮಾಷೆಗೆ.
ಫ್ಲಾರೆನ್ಸಿನ ಜೈಲು, ನಾಲ್ಕು ವರ್ಷ.
ಹೊರಗೆ ಬಂದ. ಟ್ರಂಪೆಟ್ಟು ಗೂಟದಲ್ಲೇ ತೂಗುತ್ತಿತ್ತು,
ಊದಲು ಮುಂದಿನ ಹಲ್ಲುಗಳಿರಲಿಲ್ಲ.'

ನಾನು ಕೀಲಿಮಣೆಯ ಮೇಲಿದ್ದ ಇಲ್ಲದ ಧೂಳು ಒರೆಸಿದೆ.

ಹಣ ಸಂದಾಯವಾಯಿತೆಂದು ಹಸಿರು ಪಟ್ಟಿ ಮೂಡಿತು,
ಯಾವ ಎಲೆಗೂ ಇಲ್ಲದ ಹಸಿರು.
ಹೊಸ ದಿನಾಂಕ ಓದಿ ಹೇಳಿದೆ;
ಬೆರಳು ಮಡಚಿ ಲೆಕ್ಕ ಹಾಕಿದರು:
'ಆಗ ನನಗೆ ಎಪ್ಪತ್ತೊಂಬತ್ತು.
ನನಗಿಂತ ಸರ್ಕಾರಕ್ಕೇ ಧೈರ್ಯ ಜಾಸ್ತಿ!'

ರಸೀತಿ ಮುದ್ರಿಸಿ ಕೊಟ್ಟೆ.
'ಇನ್ನೊಂದು ಪ್ರತಿ' ಎಂದರು.
ಅದಕ್ಕೆ ಹತ್ತು ಸೆಂಟು;
ತಾಮ್ರಬಣ್ಣದ ಕಾಸುಗಳನ್ನೇ ಒಂದೊಂದಾಗಿ
ಮೇಜಿನ ಮೇಲೆ ಎಣಿಸಿಟ್ಟರು.
ಒಂದು ಕಾಗದ ಡಬ್ಬಿಗೆ,
ಇನ್ನೊಂದು ನಾಲ್ಕು ಮಡಿಕೆಯಾಗಿ ಅಂಗಿಯ ಜೇಬಿಗೆ.

ಟೋಪಿ ಹಾಕಿಕೊಂಡು ಬಾಗಿಲಲ್ಲಿ ತಿರುಗಿ,
ಲೋವೆಲ್ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.
ಅವರ ಮನೆ ಆ ದಿಕ್ಕಿಗಿಲ್ಲ.
ಆ ಹಾದಿಯಲ್ಲಿ ಮೊದಲು ಗಣಿಯ ದೊಡ್ಡ ಹೊಂಡ,
ಒಂದು ಟೈರಿನ ಅಂಗಡಿ,
ಆಮೇಲೆ ಸ್ಮಶಾನ.

ಹನ್ನೊಂದೂಕಾಲು, ಎಂದೆ.